ಬೀಜಕ್ಕೆ ಬಿಟ್ಟ ಗಿಡ

ನಾನೂರು ಬೀಜಗಳಲ್ಲಿ ಮುನ್ನೂರ ಎಪ್ಪತ್ತೊಂದು ಮೊಳೆತಿದ್ದವು. ದೊಡ್ಡಮ್ಮನ ತಂಗಿಯ ಮಗಳು, ಬೀಜ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು, ಒದ್ದೆ ಕಾಗದದ ಮೇಲಿನ ಮೊಳಕೆಗಳನ್ನು ಚಿಮುಟದಲ್ಲಿ ಸರಿಸುತ್ತ ಎರಡು ಸಲ ಎಣಿಸಿದಳು. ಬೀಜ ದೊಡ್ಡಮ್ಮನದು ಎಂದು ಮೂರನೆಯ ಸಲವೂ ಎಣಿಸಿದಳು. ಈ ಚಾಳಿಗೇ ಮನೆಯವರು ಅವಳನ್ನು ಭೂತಗನ್ನಡಿ ಎನ್ನುತ್ತಿದ್ದುದು.

ಬೆಳೆಗಾರರ ಸಂಘದ ಇಪ್ಪತ್ತೆರಡು ಮನೆಗಳವರು ಮೂವತ್ತು ವರ್ಷದಿಂದ ಬಿತ್ತುತ್ತಿದ್ದುದು ದೊಡ್ಡಮ್ಮನ ದಂಟಿನ ಸೊಪ್ಪಿನ ಬೀಜವನ್ನೇ. ಈಚೆಗೆ ಸೊಪ್ಪು ಕೈತುಂಬುವ ಮೊದಲೇ ಗಿಡ ತೆನೆ ಹಾಕುತ್ತಿತ್ತು. ಬೀಜ ಹಳೆಯದೆಂದು ಕೆಲವರು, ಕಲಬೆರಕೆಯೆಂದು ಕೆಲವರು. ಶನಿವಾರದ ಸಭೆಯಲ್ಲಿ ಅದನ್ನು ಕೈಬಿಟ್ಟು ಹೊರಗಿನ ಬೀಜ ತರಿಸುವ ಮಾತಿತ್ತು. ಅದಕ್ಕೇ ದೊಡ್ಡಮ್ಮ ಪರೀಕ್ಷೆಗೆ ಪೊಟ್ಟಣ ಕಳಿಸಿದ್ದಳು.

ಭೂತಗನ್ನಡಿ ಫಲಿತಾಂಶ ಹಿಡಿದು ಹೊಲಕ್ಕೇ ಹೋದಳು.

"ನೂರಕ್ಕೆ ತೊಂಬತ್ತಮೂರು ಹುಟ್ಟಿದೆ ದೊಡ್ಡಮ್ಮ. ಕಳೆ ಬೀಜ ಒಂದೂ ಇಲ್ಲ."

"ನಾನು ಹೇಳಲಿಲ್ವಾ! ಆ ಕಾರ್ಯದರ್ಶಿ ಬಾಯಿಗೆ ಬೀಗ ಬಿತ್ತು. ದೊಡ್ಡಕ್ಷರದಲ್ಲಿ ಬರ್ಕೊಡು."

ಭೂತಗನ್ನಡಿಯ ಕಣ್ಣು ಪಾತಿಯ ಮೇಲಿತ್ತು. ದಪ್ಪ ಕಾಂಡದ, ಅಗಲ ಎಲೆಯ ಗಿಡಗಳೆಲ್ಲ ಕಿತ್ತು ಕಟ್ಟಾಗಿ ಒದ್ದೆ ಗೋಣಿಯ ಕೆಳಗಿದ್ದವು. ಪಾತಿಯಲ್ಲಿ ಉಳಿದವು ಗೇಣುದ್ದದವು, ಆಗಲೇ ತಲೆಯಲ್ಲಿ ತೆನೆ.

"ಇವನ್ನ ಯಾಕೆ ಬಿಟ್ಟಿದ್ದೀಯ?"

"ಬೀಜಕ್ಕೆ. ತೆನೆ ಬಂದಿದ್ದನ್ನ ಸಂತೇಲಿ ಯಾರೇ ಮೂಸ್ತಾರೆ? ಒಳ್ಳೇದನ್ನ ಹೊಲದಲ್ಲೇ ಬಿಟ್ಟು ಇದನ್ನ ಮಾರೋಕೆ ನನಗೇನು ತಲೆ ಕೆಟ್ಟಿದ್ಯಾ?"

"ಮೊದಲಿಂದಾನೂ ಹೀಗೇನಾ?"

"ನಿನಗೆ ಹಾಲುಹಲ್ಲು ಬರೋಕೆ ಮುಂಚಿಂದ."

ಭೂತಗನ್ನಡಿ ಬದುವಿನ ಮೇಲೆ ಕೂತಳು. "ಬೀಜ ಹುಟ್ಟೋದ್ರಲ್ಲಿ ತಪ್ಪಿಲ್ಲ. ತಡವಾಗಿ ತೆನೆ ಬಿಡೋದನ್ನೆಲ್ಲ ಮಾರಿ, ಅವಸರದ್ದನ್ನೇ ಪ್ರತಿ ಸಲ ತಾಯಿ ಮಾಡಿದ್ದೀಯ. ಮಕ್ಕಳು ಇನ್ನು ಹೇಗಿರ್ತವೆ?"

ದೊಡ್ಡಮ್ಮ ಕೈಯ ಮಣ್ಣನ್ನು ಉಜ್ಜಿಕೊಂಡಳು. "ಇದನ್ನೂ ಬರೀತೀಯಾ?"

"ಕೇಳಿದ್ದು ಮೊಳಕೆ ಲೆಕ್ಕ. ವರದಿ ನಮೂನೆಯಲ್ಲಿ ಅದಕ್ಕಷ್ಟೇ ಜಾಗ ಇರೋದು."

ಸಭೆಯಲ್ಲಿ ಕಾರ್ಯದರ್ಶಿ ಕಾಗದವನ್ನು ಗಟ್ಟಿಯಾಗಿ ಓದಿದ. ತೊಂಬತ್ತಮೂರು ಕೇಳಿ ದೂರು ಕೊಟ್ಟವರು ಮುಖ ಮುಖ ನೋಡಿಕೊಂಡರು. ದೊಡ್ಡಮ್ಮ ಸುಮ್ಮನೆ ಕೂತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಅವಳು ಎದ್ದು ನಿಂತಳು. "ಬೀಜ ಸರಿಯಾಗೇ ಹುಟ್ಟುತ್ತೆ. ಆರಿಸಿದ ನಾನು ಸರಿ ಇಲ್ಲ. ಅವಸರಕ್ಕೆ ತೆನೆ ಬಿಟ್ಟು ಮಾರೋಕಾಗದ ಗಿಡಾನೇ ಬೀಜಕ್ಕೆ ಬಿಡ್ತಾ ಬಂದೆ. ಈ ಸಲ ಹೊರಗಿಂದ ತರಿಸ್ಕೊಳ್ಳಿ."

ಮೂಲೆಮನೆಯವನು ಕೇಳಿದ: "ಆಮೇಲೆ ಏನು ಮಾಡ್ತೀರಾ ಅತ್ತಿಗೆ? ಊರಿಗೆಲ್ಲ ಅವಸರದ್ದೇ ಹಂಚಿದ್ದೀರಲ್ಲ!"

"ಹುಡುಕಿದ್ರೆ ಒಬ್ಬೊಬ್ಬರ ಪಾತೀಲಿ ಎರಡಾದ್ರೂ ನಿಧಾನದ ಗಿಡ ಸಿಗುತ್ತೆ. ಕೀಳಬೇಡಿ, ನನಗೆ ತೋರಿಸಿ. ಮೂರು ಬೆಳೆ ಟೈಮ್ ಕೊಡಿ."

"ಎರಡು," ಎಂದ ಕಾರ್ಯದರ್ಶಿ. ಹೊರಗಿನ ಬೀಜ ತರಿಸುವ ತೀರ್ಮಾನವನ್ನೂ ಬರೆದ.

ಸೋಮವಾರ ಬೆಳಿಗ್ಗೆ ದೊಡ್ಡಮ್ಮ, ಭೂತಗನ್ನಡಿ ಇಬ್ಬರೂ ಗುರುತಿನ ಕಡ್ಡಿಗಳ ಕಂತೆ ಹಿಡಿದು ಮೂಲೆಮನೆಯವನ ಹೊಲಕ್ಕೆ ಹೋದಾಗ, ಅವನ ಹೆಂಡತಿ ಸಂತೆಗೆ ಸೊಪ್ಪು ಕೀಳುತ್ತಿದ್ದಳು. ಪಾತಿಯಲ್ಲೇ ದಷ್ಟಪುಷ್ಟವಾದ ಗಿಡ ಅವಳ ಕೈಯಲ್ಲಿತ್ತು, ಅರ್ಧ ಬೇರು ಮೇಲೆ ಬಂದಿತ್ತು.

"ಅಯ್ಯೋ, ತಾಳೇ!" ಎಂದು ದೊಡ್ಡಮ್ಮ ಓಡಿದಳು. ಮಂಡಿಯೂರಿ, ಗಿಡವನ್ನು ಮತ್ತೆ ಕುಳಿಗೆ ಇಳಿಸಿ, ಎರಡೂ ಅಂಗೈಯಿಂದ ಸುತ್ತ ಮಣ್ಣು ಒತ್ತತೊಡಗಿದಳು.