ಹುಬ್ಬು ಮತ್ತು ಜೀರುಂಡೆ

ಕಾರ್ಖಾನೆಯಲ್ಲಿ ವೈರು ಪರೀಕ್ಷಿಸುವ ಮೇಜಿನ ಮೇಲಿದ್ದ ಬಜರ್‌ಗೆ ಅಲ್ಲಿಯ ಹೆಂಗಸರು ಇಟ್ಟ ಹೆಸರು ಜೀರುಂಡೆ. ವೈರಿನ ಗೊಂಚಲಿನ ಎರಡೂ ತುದಿಗಳನ್ನು ದೊಡ್ಡಮ್ಮ ಪೆಟ್ಟಿಗೆಗೆ ಸಿಕ್ಕಿಸಿದರೆ, ಎದುರು ಕೂತ ಅವಳ ತಂಗಿಯ ಮಗಳು ನಡುಭಾಗ ಹಿಡಿದು ತೂಗುವಳು. ಜೀರುಂಡೆ ಒಂದೇ ಸಮನೆ ಕೂಗಿದರೆ ವೈರು ಗಟ್ಟಿ, ಹಸಿರು ಬುಟ್ಟಿಗೆ. ಕೂಗು ನಡುವೆ ಕಡಿದರೆ ಒಳಗೆಲ್ಲೋ ಸಡಿಲ. ಅದು ಕೆಂಪು ಬುಟ್ಟಿಗೆ.

"ತೊಟ್ಟಿಲು ತೂಗ್ತಿದ್ದೀಯೇನೇ? ಜೋರಾಗಿ ಅಲ್ಲಾಡ್ಸು," ಎಂದು ದೊಡ್ಡಮ್ಮ ರೇಗಿಸುವಳು. ಹುಡುಗಿ ನಗುವಳೇ ಹೊರತು ಮಾತಾಡಳು.

ಅವತ್ತು ಬೆಳಿಗ್ಗೆ ಮೇಸ್ತ್ರಿ ಬಂದು, ಸೋಮವಾರದಿಂದ ಹುಡುಗಿ ಆ ಮೂಲೆಯ ಮಿಷನ್ನಿಗೆ ಹೋಗಬೇಕು, ಈ ಮೇಜನ್ನು ದೊಡ್ಡಮ್ಮ ಒಬ್ಬಳೇ ನೋಡಿಕೊಳ್ಳಲಿ ಎಂದು ಹೇಳಿ ಹೋಗಿದ್ದ.

ಮಧ್ಯಾಹ್ನ ಹುಡುಗಿಯ ಕಣ್ಣಿಗೆ ಕಸ ಬಿತ್ತು. ಒಂದು ಕೈಯಲ್ಲಿ ವೈರು ತೂಗುತ್ತಲೇ ಇನ್ನೊಂದು ತೋಳನ್ನು ಹಣೆಗೂ ಕಣ್ಣಿಗೂ ಒತ್ತಿಕೊಂಡಳು. ಜೀರುಂಡೆ ತಡವರಿಸಿತು, ಮತ್ತೂ ತಡವರಿಸಿತು. ದೊಡ್ಡಮ್ಮ ಆ ಗೊಂಚಲನ್ನು ಹಸಿರು ಬುಟ್ಟಿಗೆ ಹಾಕಿದಳು.

"ದೊಡ್ಡಮ್ಮ, ಅದು ಕಡೀತಲ್ಲ," ಎಂದಳು ಹುಡುಗಿ, ಗಟ್ಟಿಯಾಗಿ.

ದೊಡ್ಡಮ್ಮನ ಕೈ ಬುಟ್ಟಿಯಲ್ಲೇ ನಿಂತಿತು. "ನೀನು ಹುಬ್ಬು ಹಾರಿಸ್ಲಿಲ್ವಲ್ಲೇ."

ಸದ್ದು ಕಡಿದಾಗಲೆಲ್ಲ ತನ್ನ ಹುಬ್ಬು ಮೇಲೇರುತ್ತದೆಂದು ಹುಡುಗಿಗೇ ಗೊತ್ತಿರಲಿಲ್ಲ. ಇಷ್ಟು ದಿನ ವೈರು ಪಾಸಾದದ್ದೂ ಫೇಲಾದದ್ದೂ ಅದರಿಂದಲೇ.

"ಮಾತೆಲ್ಲ ಕೇಳ್ಸತ್ತೆ ಕಣೇ, ಈ ಸಣ್ಣ ಕೀರಲು ಮಾತ್ರ ಕಿವಿಗೆ ಬೀಳಲ್ಲ," ದೊಡ್ಡಮ್ಮ ಸೆರಗು ಸರಿಮಾಡಿಕೊಂಡಳು. "ಗೊತ್ತಾದ್ರೆ ಕಳ್ಸಿಬಿಡ್ತಾರೆ. ಮನೇಲಿ ಕೂತು ಗೋಡೆ ಜೊತೆ ಮಾತಾಡ್ಲಾ?"

ಹುಡುಗಿ ಗೊಂಚಲನ್ನು ಎತ್ತಿ ಕೆಂಪು ಬುಟ್ಟಿಗೆ ಹಾಕಿ ಎದ್ದಳು. ನೇರವಾಗಿ ಹೋಗಿ ಮೇಸ್ತ್ರಿಯ ಮುಂದೆ ನಿಂತಳು.

"ಅಣ್ಣ, ಜೀರುಂಡೆ ಜೊತೆಗೆ ಉರಿಯೋ ಒಂದು ದೀಪ ಹಾಕ್ಸಿ. ದೊಡ್ಡಮ್ಮಂಗೆ... ಈ ಗಲಾಟೇಲಿ ಕೇಳ್ಸಲ್ಲ."

"ನಿಂಗೂ ಬಾಯಿದೆ ಅಂತಾಯ್ತು," ಎಂದ ಮೇಸ್ತ್ರಿ. ದೂರದಲ್ಲಿ ತಲೆ ತಗ್ಗಿಸಿ ಕೂತ ದೊಡ್ಡಮ್ಮನನ್ನು ಒಂದು ಗಳಿಗೆ ನೋಡಿದ. "ಹಾಕ್ಸೋಣ. ಸ್ವಲ್ಪ ದೊಡ್ಡದೇ ಹಾಕ್ಸೋಣ. ನನ್ನ ಕಿವೀನೂ ಅಷ್ಟಕ್ಕಷ್ಟೇ."

ಸೋಮವಾರ ಹುಡುಗಿ ಮೂಲೆಯ ಮಿಷನ್ನಿನಿಂದ ಕತ್ತು ಎತ್ತಿ ನೋಡಿದಳು. ದೊಡ್ಡಮ್ಮ ಒಬ್ಬಳೇ ವೈರು ತೂಗುತ್ತಿದ್ದಳು. ಹೊಸ ದೀಪ ನಡುವೆ ಮಿಣುಕಿತು. ಅವಳು ಗೊಂಚಲನ್ನು ಕೆಂಪು ಬುಟ್ಟಿಗೆ ಹಾಕಿ, ಅಷ್ಟು ದೂರದಿಂದ ಹುಡುಗಿಯನ್ನು ಹುಡುಕಿ, ತನ್ನ ಹುಬ್ಬು ಹಾರಿಸಿದಳು.