ದನಿ ಕುಂತಾಗ ಬಂದ ಬೀಗರು

ನನ್ನ ದನಿ ಬಿದ್ದದ್ದು ಬುಧವಾರ. ನನ್ನ ಮಗಳು ನಂದಾಳನ್ನು ನೋಡಲು ಬೀಳಗಿಯಿಂದ ಗಂಡಿನವರು ಬರುವುದು ರವಿವಾರ. ಈ ಹಾಳು ನೆಗಡಿಗೆ ವರ್ಷದಲ್ಲಿ ಬೇರೆ ವಾರವೇ ಸಿಗಲಿಲ್ಲ ನೋಡಿ.

ನಾನು ಬನಹಟ್ಟಿಯ ರುಕ್ಮವ್ವ. ನಮ್ಮದು ಪಾವರಲೂಮಿನ ಮನೆ. ಪಡಸಾಲೆಗೆ ಹೊಂದಿಕೊಂಡ ದೊಡ್ಡ ಕೋಣೆಯಲ್ಲಿ ಮಗ್ಗಗಳು ಬೆಳಗಾದರೆ ಕಟಾಕಟಾ ಬಡಿಯಲು ಶುರು ಮಾಡುತ್ತವೆ. ಅವುಗಳ ಮೇಲೆ ದನಿ ಏರಿಸಿ ಏರಿಸಿ ನನ್ನ ಗಂಟಲು ಎಂಥದಾಗಿತ್ತೆಂದರೆ, ನಾನು ಅಡುಗೆಮನೆಯಲ್ಲಿ ಬೈದರೆ ಓಣಿಯ ತುದಿಯ ಗಿರಣಿಯವನು ಬೀಸುವುದನ್ನು ನಿಲ್ಲಿಸಿ ಯಾರಿಗೆ ಬೈದಳು ಎಂದು ಕೇಳುತ್ತಿದ್ದ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಅನ್ನುತ್ತಾರಲ್ಲ, ನಾನು ಹಾಗೆ ಬದುಕಿದವಳು. ಈಗ ಬಾಯಿ ತೆರೆದರೆ ಸುಂಯ್ ಎಂದು ಬರೀ ಗಾಳಿ.

ಇದರಲ್ಲಿ ಅಳುವಂಥದ್ದೇನು ಎನ್ನಬಹುದು. ಕೇಳಿ. ನಮ್ಮ ಮನೆಯವರು ದೇವರಂಥ ಮನುಷ್ಯರು. ಹೆಸರು ಹೇಳಬಾರದು, ಹೇಳದಿದ್ದರೆ ನಿಮಗೆ ತಿಳಿಯುವುದಿಲ್ಲ, ಬಸಗೊಂಡಪ್ಪ ಎಂದು. ದೇವರಂತೆಯೇ ಯಾರು ಏನು ಕೇಳಿದರೂ ತಥಾಸ್ತು. ನಂದಾ ಜಮಖಂಡಿಯಲ್ಲಿ ನರ್ಸಿಂಗ್ ಓದುತ್ತಾಳೆ, ಇನ್ನೊಂದು ವರ್ಷ ಬಾಕಿ. ಗಂಡಿನವರಿಗೋ ದೀಪಾವಳಿ ಮುಗಿದ ಕೂಡಲೇ ಲಗ್ನವಾಗಬೇಕು. ಅಕ್ಷತೆ ಬಿದ್ದ ಮೇಲೆ ಮತ್ತೆ ಪುಸ್ತಕ ಹಿಡಿದ ಸೊಸೆಯನ್ನು ನಾನಂತೂ ನಮ್ಮ ಓಣಿಯಲ್ಲಿ ಕಂಡಿಲ್ಲ. "ಮೊದಲು ಓದು ಮುಗಿಯಲಿ" ಎಂದು ಅವರ ಮುಖದ ಮೇಲೆ ಹೇಳುವ ಕೆಲಸ ನನ್ನದಾಗಿತ್ತು. "ನೀವರ ಹೇಳ್ರಿ" ಎಂದು ಸನ್ನೆ ಮಾಡಿ ಗೋಗರೆದರೆ ನಮ್ಮ ಮನೆಯವರು ಅದಕ್ಕೂ "ಹೂಂ, ಹೇಳ್ತೇನಿ" ಎಂದರು. ಆ ಹೂಂ ಎಷ್ಟು ಗಟ್ಟಿಯೆಂದು ನನಗೆ ಗೊತ್ತಿಲ್ಲವೇ?

ಗುರುವಾರದಿಂದ ಓಣಿಗೆ ಓಣಿಯೇ ನನ್ನ ಗಂಟಲಿಗೆ ಬಿತ್ತು.

ಮೊದಲು ಬಂದವಳು ಬಾಜೂ ಮನೆಯ ಅನಸವ್ವ. "ಜೇಷ್ಠಮಧು ದವಡ್ಯಾಗ ಇಟ್ಕೊಂಡ ಚೀಪು. ನಾಳೆ ಕೋಗಿಲೆ ಆಗ್ತಿ" ಎಂದಳು. ಇಡೀ ದಿನ ಚೀಪಿದೆ. ಬಾಯಿ ಸಿಹಿಯಾಯಿತು, ದನಿ ಬರಲಿಲ್ಲ. ಸಂಜೆ ಎದುರು ಮನೆಯ ಮುದುಕಿ ತಂಗೆವ್ವಾಯಿ ಬಂದು, "ಅಯ್ಯ, ನೆಗಡ್ಯಾಗ ಸಿಹಿ ತಿಂತಾರೇನ? ಕಫ ಕಟ್ಟತೈತಿ, ಉಗುಳು!" ಎಂದು ಅದನ್ನು ಉಗುಳಿಸಿ, ಕೆಂಡದಲ್ಲಿ ಸುಟ್ಟ ಉಳ್ಳಾಗಡ್ಡಿಯ ರಸ ಕುಡಿಸಿದಳು. ಅದಕ್ಕೆ ಒಂದು ಹಿಡಿ ಬೆಲ್ಲ ಹಾಕಿದ್ದಳು. ಬೆಲ್ಲ ಸಿಹಿಯಲ್ಲವೇ ಎಂದು ಕೇಳಲು ನನಗೆ ದನಿಯಿರಲಿಲ್ಲ. ಶುಕ್ರವಾರ ನಮ್ಮಲ್ಲಿ ಮಗ್ಗ ನಡೆಸುವ ಗುರಪ್ಪ ವೀಳ್ಯದೆಲೆಯಲ್ಲಿ ಲವಂಗ, ಕಾಳುಮೆಣಸು, ಹರಳುಪ್ಪು ಸುತ್ತಿ, "ಅಗದು ನುಂಗ್ರಿ ವೈನಿ, ಗಂಟಲಾ ಖುಲ್ಲಾ ಆಕ್ಕೈತಿ" ಎಂದ. ಕಣ್ಣು, ಮೂಗು, ಕಿವಿ ಎಲ್ಲ ಖುಲ್ಲಾ ಆದವು. ಗಂಟಲೊಂದು ಬಿಟ್ಟು.

ನಮ್ಮ ಮನೆಯವರು ಸುಮ್ಮನಿರಬೇಕಲ್ಲ? ಅವರ ಅವ್ವ ಮಾಡುತ್ತಿದ್ದಳೆಂದು ಅರಿಷಿಣಕ್ಕೆ ಸುಣ್ಣ ಕಲಸಿ ನನ್ನ ಕೊರಳ ಸುತ್ತ ಬಳಿದರು. ಅರಿಷಿಣಕ್ಕೆ ಸುಣ್ಣ ಬಿದ್ದರೆ ಏನಾಗುತ್ತದೆಂದು ನಿಮಗೆ ಗೊತ್ತು. ತೊಳೆದರೂ ಆ ಕೆಂಪು ಹೋಗಲಿಲ್ಲ. ನನ್ನ ಕೊರಳನ್ನು ಯಾರೋ ಕೊಯ್ದಂತೆ ಕಾಣುತ್ತಿತ್ತು.

ನಂದಾ ಇದನ್ನೆಲ್ಲ ನೋಡಿ ತಲೆ ಚಚ್ಚಿಕೊಂಡಳು. "ಯವ್ವಾ, ಬಿಸಿನೀರು ಕುಡಿ, ಉಗಿ ತಗೋ, ಬಾಯಿ ಮುಚ್ಚಕೊಂಡಿರು. ಪಿಸುಮಾತೂ ಬ್ಯಾಡ, ಅದೂ ಗಂಟಲಾ ಕೆಡಸ್ತೈತಿ. ಇದ ಔಷಧ." ಇದನ್ನು ಕಲಿಯಲು ಜಮಖಂಡಿಗೆ ಹೋಗಬೇಕಿತ್ತೇ? ಬಾಯಿ ಮುಚ್ಚಿಕೊಂಡಿರು ಎಂದು ನನ್ನ ಅತ್ತೆ ಸಾಯುವ ತನಕ ಪುಕ್ಕಟೆ ಹೇಳಿದ್ದಳು.

ಶನಿವಾರ ಮಧ್ಯಾಹ್ನ ಮಗ್ಗದ ಕೋಣೆಗೆ ಚಹಾ ಒಯ್ದೆ. ನಂದಾ ಆ ತುದಿಯಲ್ಲಿ ಹರಿದ ಎಳೆ ಕೂಡಿಸುತ್ತಿದ್ದಳು. ಕಟಾಕಟಾ ನಡೆದೇ ಇತ್ತು. ರೂಢಿಯಂತೆ ಇಲ್ಲಿಂದಲೇ ತುಟಿಯಾಡಿಸಿದೆ, "ಚಾ ಕುಡಿತಿಯೇನ?" ಅವಳು ಅಲ್ಲಿಂದಲೇ ತುಟಿಯಾಡಿಸಿದಳು, "ಸಕ್ರಿ ಕಡಿಮಿ ಹಾಕೀಯೇನ?" ಇಬ್ಬರೂ ಹಾಗೇ ನಿಂತೆವು. ಅಯ್ಯ ನನ್ನ ಶಿವನೇ! ಮಗ್ಗದ ಮನೆಯ ಹೆಣ್ಣುಮಕ್ಕಳಿಗೆ ಮಾತಾಡಲು ದನಿಯಾದರೂ ಯಾಕೆ ಬೇಕು? ಸದ್ದಿನಲ್ಲಿ ತುಟಿ ನೋಡಿಯೇ ಅಲ್ಲವೇ ನಾವು ಇಷ್ಟು ವರ್ಷ ಸಂಸಾರ ಮಾಡಿದ್ದು, ಚಾಡಿ ಹೇಳಿದ್ದು, ಜಗಳಾಡಿದ್ದು?

ಅಲ್ಲೇ ಯೋಜನೆಯಾಯಿತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ತುಟಿಯಾಡಿಸಬೇಕು, ನಂದಾ ಅದನ್ನು ದನಿಯೆತ್ತಿ ಹೇಳಬೇಕು.

"ಕನ್ಯಾ ಆಗಿ ಕುಂತಾಕಿ ಅಷ್ಟ ಮಾತಾಡಿದ್ರ ಎದ್ದ ಓಡತಾರ ಬೇ" ಎಂದಳು ನಂದಾ.

"ಓಡೂದಾದ್ರ ಶಿರಾ ತಿಂದ ಓಡಲಿ" ಎಂದಿತು ನನ್ನ ತುಟಿ.

ರವಿವಾರ ಮಗ್ಗ ಬಂದ್ ಮಾಡಿದೆವು. ಗಂಡಿನ ಅಪ್ಪ ಗಿರಿಮಲ್ಲಪ್ಪ, ಬೀಳಗಿಯಲ್ಲಿ ಬಟ್ಟೆ ಅಂಗಡಿ, ಹುರಿ ಮಾಡಿದ ಮೀಸೆ. ಮಗ ಈಶ್ವರ ತನ್ನ ಕಾಲ್ಬೆರಳು ಬಿಟ್ಟು ಏನನ್ನೂ ನೋಡದ ಹುಡುಗ. ಗಂಡಸರು ಅಡುಗೆಮನೆಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕುಳಿತರು. ಗಂಡಿನ ಅವ್ವ ಹಾಲವ್ವ ಎದುರಿಗೆ ಚಾಪೆಯ ಮೇಲೆ ನಂದಾಳ ಪಕ್ಕ ಕುಳಿತಳು. ತವರು ಮಹಾರಾಷ್ಟ್ರದ ಕಡೆ ಎಂದಷ್ಟೇ ಕೇಳಿದ್ದೆ. ಮಾತಿಲ್ಲ ಕತೆಯಿಲ್ಲ, ಬಾಯಿ ತುಸು ತೆರೆದುಕೊಂಡು ನನ್ನ ಕಡೆಗೇ ಕಣ್ಣು ನೆಟ್ಟಿದ್ದಳು. ಶಿರಾದ ಮೇಲೆ ಕಣ್ಣಿರಬೇಕು ಅಂದುಕೊಂಡೆ. ನಾನು ಕೊರಳಿಗೆ ಸೆರಗು ಸುತ್ತಿಕೊಂಡು ಬಾಗಿಲಲ್ಲಿ ನಿಂತೆ.

"ಆ ಬಾಯಿ ತಕ್ಕೊಂಡ ಕುಂತಾಕಿಗೆ ಇನ್ನೊಂದೀಟ ಶಿರಾ ನೀಡು" ಎಂದು ತುಟಿಯಾಡಿಸಿದೆ. ನಂದಾ ನಗು ನುಂಗಿ ನೀಡಿದಳು. "ಮೀಸಿ ನೋಡು, ಚೇಳಿನ ಕೊಂಡಿ ಆಗೈತಿ" ಎಂದೆ. ಅವಳಿಗೆ ಕೆಮ್ಮು ಬಂತು.

ಗಿರಿಮಲ್ಲಪ್ಪ ಚಹಾ ಕುಡಿದು ವಿಷಯಕ್ಕೆ ಬಂದ. "ಓದು ಇನ್ನೊಂದ ವರ್ಷ ಐತಂತ. ಅದನ್ನ ಕಟಗೊಂಡ ಏನ್ ಮಾಡೂದೈತ್ರಿ? ನಮ್ಮ ಅಂಗಡ್ಯಾಗ ಬಂದ ಗಿರಾಕಿಗೆ ಇಂಜಕ್ಷನ್ ಕೊಡೂದಿಲ್ಲ. ದೀಪಾವಳಿ ಮುಗದ ಕೂಡಲೇ ಲಗ್ನ ಮಾಡೂಣಲ್ಲ?"

"ಹೂಂ, ಆಗ..." ಎಂದು ನಮ್ಮ ಮನೆಯವರು ಬಾಯಿ ತೆರೆಯುವಷ್ಟರಲ್ಲಿ ನಾನು ಕೈಲಿದ್ದ ಪರಾತವನ್ನು ಢಣ್ ಎಂದು ಕೆಳಗೆ ಬಿಟ್ಟೆ. ಎಲ್ಲರೂ ಬೆಚ್ಚಿದರು. ನಂದಾ ನನ್ನ ತುಟಿ ನೋಡಿದಳು.

"ಮೊದಲ ಪರೀಕ್ಷಾ ಮುಗೀಲ್ರಿ. ಲಗ್ನ ಆಮ್ಯಾಲ" ಎಂದಳು. ದನಿ ಸಣ್ಣದಿತ್ತು, ಆದರೆ ನಡುಗಲಿಲ್ಲ.

ಗಿರಿಮಲ್ಲಪ್ಪನ ಮುಖ ಬಿಗಿಯಿತು. ಚಹಾದ ಕಪ್ಪು ಕೆಳಗಿಟ್ಟ. "ಇದು ಕನ್ಯಾನ ಮಾತೋ, ಯಾರರ ಕಲಿಸಿದ ಮಾತೋ?"

ಒಳ್ಳೆಯ ಮನೆ, ನಡೆಯುವ ಅಂಗಡಿ, ಕುಡಿಯದ ಹುಡುಗ. ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ನಾನೇ ಮಾಡಿದೆನೇ? ಓಣಿಯವರು ಏನೆಂದಾರು? ನಂದಾ ನನ್ನತ್ತ ನೋಡಿದಳು. ನನ್ನ ತುಟಿ ತಾನೇ ಆಡಿತು. "ತಪ್ಪಾತ್ರಿ ಅನ್ನು. ಹಿರೇರು ಹೇಳಿದಂಗ ಅನ್ನು."

ಅವಳು ನನ್ನ ತುಟಿ ಓದಿದಳು. ಚೆನ್ನಾಗಿ ಓದಿದಳು, ಅವಳ ಕಣ್ಣಲ್ಲೇ ಗೊತ್ತಾಯಿತು. ಮೆಲ್ಲಗೆ ನನ್ನಿಂದ ಮುಖ ತಿರುಗಿಸಿ ಗಿರಿಮಲ್ಲಪ್ಪನನ್ನೇ ನೋಡುತ್ತ ಹೇಳಿದಳು:

"ನನ್ನ ಮಾತ ರೀ. ಓದು ಮುಗಿಯೂತನ ನಾ ಲಗ್ನ ಆಗಂಗಿಲ್ಲ."

ಈಶ್ವರ ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದ. ನನಗೆ ಹೆದರಿಕೆಯೂ ಆಯಿತು, ಓಡಿ ಹೋಗಿ ಮಗಳ ದೃಷ್ಟಿ ತೆಗೆಯಬೇಕೆಂದೂ ಅನ್ನಿಸಿತು. ಆಗ ಹಾಲವ್ವ ಬಾಯಿ ಮುಚ್ಚಿದಳು, ಗಂಡಸರ ತಲೆಗಳ ಮೇಲಿಂದ ನನ್ನನ್ನೇ ದಿಟ್ಟಿಸಿದಳು, ಆಮೇಲೆ ತುಟಿಯಾಡಿಸಿದಳು. ದನಿಯಿಲ್ಲದೆ.

"ಮಗಳಿಗಿಲ್ಲದ ಹೆದರಿಕಿ ನಿನಗ್ಯಾಕ? ನಾ ಇಚಲಕರಂಜಿಯಾಕಿ."

ಇಚಲಕರಂಜಿ! ನಮ್ಮೂರಿಗಿಂತ ಎಷ್ಟೋ ಪಟ್ಟು ಹೆಚ್ಚು ಮಗ್ಗಗಳಿರುವ ಊರು! ಅಂದರೆ ಈಕೆ ಎಲ್ಲವನ್ನೂ... ಶಿರಾ... ಮೀಸೆ... ಭೂಮಿ ಬಾಯಿ ತೆರೆದಿದ್ದರೆ ಪರಾತದ ಸಮೇತ ಇಳಿದುಬಿಡುತ್ತಿದ್ದೆ.

ಹಾಲವ್ವ ಗಂಡನತ್ತ ತಿರುಗಿ ದನಿಯೆತ್ತಿದಳು. ಎಂಥ ದನಿ! ನನ್ನದು ನೆಟ್ಟಗಿದ್ದಾಗಲೂ ಅಷ್ಟಿರಲಿಲ್ಲ. "ಒಂದ ವರ್ಷಕ್ಕ ನಿಮ್ಮ ಮಗ ಏನ್ ಹಳಸಿ ಹೋಗತಾನೇನ್ರಿ? ಪರೀಕ್ಷಾ ಮುಗೀಲಿ. ನೌಕರಿ ಸಿಕ್ರ ಅದೂ ಮಾಡಲಿ. ಏನೋ ಈಶ್ವರಾ?"

"ಹೂಂ ಯವ್ವಾ" ಎಂದ ಈಶ್ವರ. ಗಿರಿಮಲ್ಲಪ್ಪ ಮೀಸೆ ತೀಡಿ, ಹೆಂಡತಿಯ ಮುಖ ನೋಡಿ, "ಹೂಂ" ಎಂದ. ನಮ್ಮ ಮನೆಯವರು ಅದಕ್ಕೂ ಆಗಲೇ ಹೂಂ ಎಂದು ಮುಗಿಸಿದ್ದರು.

ಹೊರಡುವ ಮುಂಚೆ ಕೈತೊಳೆಯುವ ನೆವದಲ್ಲಿ ಹಾಲವ್ವ ಅಡುಗೆಮನೆಗೆ ಬಂದಳು. ನಾನು ಕೈಮುಗಿದು, "ತಪ್ಪಾತ್ರಿ ಬೀಗತ್ಯಾರ" ಎಂದು ತುಟಿಯಾಡಿಸಿದೆ. "ಮೀಸಿ ಮಾತ ಖರೇನ ಐತಿ ಬಿಡ್ರಿ" ಎಂದು ನಕ್ಕಳು. ಆಮೇಲೆ ಪಡಸಾಲೆಯಲ್ಲಿದ್ದ ಗಂಡನ ಕಡೆ ಒಮ್ಮೆ ನೋಡಿ, ದನಿ ಬಿಟ್ಟು ತುಟಿಯಲ್ಲಷ್ಟೇ ಹೇಳಿದಳು:

"ನನ್ನ ಹತ್ತನೇ ಕ್ಲಾಸಿನ ಪರೀಕ್ಷಾ ಇನ್ನೊಂದ ವಾರ ಇತ್ರಿ, ಆಗ ನನ್ನ ಲಗ್ನ ಮಾಡಿದ್ರು. ನಮ್ಮವ್ವ ಹಿಂಗ ಅಡಗಿಮನಿ ಬಾಗಲದಾಗ ನಿಂತಿದ್ಲು. ಆಕಿ ತುಟಿ ನೋಡಕೋತ ಕುಂತಿದ್ನಿ ನಾ. ಆಕಿಗೆ ನೆಗಡಿ ಇರಲಿಲ್ರಿ. ಆದ್ರೂ ತುಟಿ ಬಿಚ್ಚಲಿಲ್ಲ."