ನೋಡೋಣಪ್ಪ

ಡಾಕ್ಟರಿಗೆ ‘ನೋಡೋಣಪ್ಪ’ ಎಂದು ಹೆಸರಿಟ್ಟವರು ಅವನ ಭಾವ. ರೋಗಿಗಳು ಗುಣವಾಗುತ್ತಾ ಎಂದು ಕೇಳಿದರೂ, ಅಕ್ಕ ಊಟಕ್ಕೆ ಬರ್ತೀಯಾ ಎಂದು ಕೇಳಿದರೂ, ಅವನು ಮೂಗಿನ ಮೇಲೆ ಜಾರಿದ ಕನ್ನಡಕವನ್ನು ಬೆರಳಿನಿಂದ ಮೇಲಕ್ಕೆ ತಳ್ಳಿ, ಗಂಟಲಲ್ಲೊಂದು ಸಣ್ಣ ‘ಹ್ಞೂಂ’ ಹೊರಡಿಸಿ, ‘ನೋಡೋಣ’ ಎನ್ನುತ್ತಿದ್ದ. ಭಾವ ಅದನ್ನು ಕನ್ನಡಕವಿಲ್ಲದೆಯೇ ಮಾಡಿ ತೋರಿಸುತ್ತಿದ್ದರು. ಗೋಡೆಯಾಚೆ ಕೂತವರಿಗೆ ಅಸಲಿ ಯಾವುದು, ನಕಲಿ ಯಾವುದು ತಿಳಿಯುತ್ತಿರಲಿಲ್ಲ. ಅಕ್ಕ ಮಾತ್ರ ಅಡುಗೆಮನೆಯಿಂದಲೇ, “ಇದು ನೀವೇ. ನನ್ನ ತಮ್ಮ ಇಷ್ಟು ಬೇಗ ಬಾಯಿ ಬಿಡಲ್ಲ” ಎಂದು ಪತ್ತೆ ಹಚ್ಚಿ ನಗುತ್ತಿದ್ದಳು.

ಭಾವನ ಕಸುಬೇ ದನಿ. ಡಬ್ಬಿಂಗ್ ಸ್ಟುಡಿಯೋದ ಗಾಜಿನ ಕೋಣೆಯಲ್ಲಿ ನಿಂತು ಕಾರ್ಟೂನಿನ ಆನೆಗೂ, ಜಾಹೀರಾತಿನ ಹಲ್ಲುಪುಡಿಗೂ, ಸಿನಿಮಾದ ಖಳನಾಯಕರಿಗೂ ಬಾಯಿ ಕೊಟ್ಟವರು. ಅಷ್ಟು ಜನಕ್ಕೆ ಬಾಯಿ ಕೊಟ್ಟರೂ ಯಾರ ಬಾಯಿಗೂ ಬೀಳದೆ ಬದುಕಿದವರು. ಖಳರು ಸಾಯುವ ದೃಶ್ಯವಿದ್ದರಂತೂ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಕೊನೆಯುಸಿರನ್ನು ಅಷ್ಟು ಸೊಗಸಾಗಿ ಎಳೆಯುವವರು ಬೇರೆ ಇರಲಿಲ್ಲ.

ಆರೋಗ್ಯವಾಗಿದ್ದ ಕಾಲದಲ್ಲಿ ಒಮ್ಮೆ ಅವರು ಡಾಕ್ಟರ ದನಿಯಲ್ಲಿ ಆಸ್ಪತ್ರೆಯ ವಾರ್ಡಿಗೆ ಫೋನ್ ಮಾಡಿ, ನರ್ಸುಗಳೆಲ್ಲ ತನ್ನ ಲೆಕ್ಕದಲ್ಲಿ ಐಸ್‌ಕ್ರೀಮ್ ತರಿಸಿಕೊಳ್ಳಲಿ ಎಂದುಬಿಟ್ಟಿದ್ದರು. ಐಸ್‌ಕ್ರೀಮ್ ಕರಗಿತು, ಡಾಕ್ಟರ್ ಕರಗಲಿಲ್ಲ. ಇವತ್ತು ಐಸ್‌ಕ್ರೀಮ್, ನಾಳೆ ಯಾರಾದರೂ ಹೀಗೇ ಔಷಧಿ ಹೇಳಿದರೆ ಗತಿಯೇನು ಎಂದು ಅಂದೇ ಒಂದು ನಿಯಮ ತಂದ. ಫೋನಿನಲ್ಲಿ ಔಷಧಿ ಹೇಳಿದರೆ ನರ್ಸ್ ಅದನ್ನು ಬರೆದುಕೊಂಡು, ಫೋನ್ ಇಟ್ಟು, ತಾನೇ ಅವನ ಮೊಬೈಲಿಗೆ ವಾಪಸ್ ಮಾಡಿ ಓದಿ ಹೇಳಬೇಕು. ಅವನು ಹೌದು ಎಂದಮೇಲೆಯೇ ಸೂಜಿ ಮುಟ್ಟಬೇಕು. ವಾರ್ಡಿನಲ್ಲಿ ಅದಕ್ಕೆ ‘ಭಾವನ ಕಾನೂನು’ ಎಂದೇ ಹೆಸರಾಯಿತು.

ಈಗ ಆ ಭಾವ ಅದೇ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದರು. ಶ್ವಾಸಕೋಶದಲ್ಲಿ ಹುಟ್ಟಿದ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಮಗ್ಗುಲು ಬದಲಿಸಬೇಕಾದರೆ ಇಬ್ಬರು ಹಿಡಿಯಬೇಕು; ಮಾತು ಮುಗಿಸಬೇಕಾದರೆ ನಡುನಡುವೆ ಆಕ್ಸಿಜನ್ ಮಾಸ್ಕಿಗೆ ಮುಖ ಒಡ್ಡಬೇಕು. ಚಿಕಿತ್ಸೆ ಎನ್ನುವುದೆಲ್ಲ ಮುಗಿದಿತ್ತು. ಅದು ಡಾಕ್ಟರಿಗೆ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು. ಅಕ್ಕನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಉಸಿರಾಟ ತೀರ ಕಷ್ಟವಾದರೆ ಗಂಟಲಿಗೆ ಪೈಪ್ ಇಳಿಸಿ ವೆಂಟಿಲೇಟರಿಗೆ ಹಾಕುತ್ತಾರೆ, ಅಲ್ಲಿ ಸುಧಾರಿಸಿಕೊಂಡು ಮನೆಗೆ ಬರುತ್ತಾರೆ ಎಂದು ಅವಳು ನಂಬಿಕೊಂಡಿದ್ದಳು. ತಮ್ಮ ಆಗುವುದಿಲ್ಲ ಎಂದಿರಲಿಲ್ಲ. ನೋಡೋಣ ಎಂದಿದ್ದ.

ಅವಳಿಲ್ಲದ ಹೊತ್ತಿನಲ್ಲಿ ಭಾವ ಡಾಕ್ಟರನ್ನು ಹಿಡಿದು ಕೂರಿಸಿ ಕೇಳುತ್ತಿದ್ದರು, ಒಂದು ಸೂಜಿಯಲ್ಲಿ ಮುಗಿಸಿಬಿಡು ಎಂದು. ಶುರುವಾಗುತ್ತಿದ್ದದ್ದು ತಮಾಷೆಯಿಂದಲೇ.

“ಸಿನಿಮಾದಲ್ಲಿ ಎಷ್ಟು ಸಲ ಸತ್ತಿದ್ದೀನೋ. ಎಲ್ಲಾ ಒಂದೇ ಟೇಕಿಗೆ ಓಕೆ. ಇಲ್ಲಿ ನೋಡಿದ್ರೆ ಬರೀ ರೀಟೇಕು.”

ಡಾಕ್ಟರ್ ನಗುತ್ತಿದ್ದ, ನಾಡಿ ಹಿಡಿಯುತ್ತಿದ್ದ, ಕನ್ನಡಕ ತಳ್ಳುತ್ತಿದ್ದ. ನೋಡೋಣ ಭಾವ. ನೋವಿನ ಔಷಧಿ ಮಾರ್ಫಿನ್ ಹೆಚ್ಚಿಸುವುದಕ್ಕೂ ಅವನಿಗೆ ಕೈ ಬರುತ್ತಿರಲಿಲ್ಲ. ಚೂರು ಹೆಚ್ಚಿಸಿದ ದಿನವೇ ಭಾವ ಹೋಗಿಬಿಟ್ಟರೆ, ಅದು ತಾನು ಕೊಟ್ಟ ಸಾವೇ ಆಗುತ್ತದೇನೋ ಎಂಬ ಭಯ. ಬೇರೆ ಯಾರದೋ ಭಾವನಾಗಿದ್ದರೆ ನೋವಿಗೆ ತಕ್ಕಷ್ಟು ಕೊಟ್ಟಿರುತ್ತಿದ್ದ. ಸ್ವಂತ ಭಾವನಾಗಿದ್ದೇ ಅವರು ಮಾಡಿದ ತಪ್ಪು.

ಒಂದು ಮಧ್ಯಾಹ್ನ ಹೊರರೋಗಿಗಳ ಕೋಣೆಯಲ್ಲಿ ಅವನು ಒಬ್ಬ ಬಸ್ ಡ್ರೈವರನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು, ಉಸಿರು ಎಳ್ಕೊಂಡು ಹಿಡೀರಿ ಎಂದಿದ್ದ. ಅಷ್ಟರಲ್ಲಿ ಮೊಬೈಲ್ ಬಡಿದುಕೊಂಡಿತು. ವಾರ್ಡಿನ ಹಿರಿಯ ಸಿಸ್ಟರ್.

“ಸಾರ್, ಈಗ ನೀವು ಫೋನಲ್ಲಿ ಹೇಳಿದ್ದನ್ನ ಓದ್ತೀನಿ. ಕಿಟಕಿ ಬೆಡ್ಡಿಗೆ ಮಾರ್ಫಿನ್, ಈಗ ಕೊಡ್ತಿರೋದರ ಹತ್ತರಷ್ಟು, ಒಂದೇ ಸಲಕ್ಕೆ. ಹೌದಾ ಸಾರ್?”

ಅವನು ಫೋನ್ ಮಾಡಿರಲಿಲ್ಲ. ಯಾರು ಮಾಡಿರಬೇಕೆಂದು ಊಹಿಸಬೇಕಾದ್ದೂ ಇರಲಿಲ್ಲ. ಸಿಸ್ಟರಿಗೂ ಗೊತ್ತಿದ್ದಿರಬೇಕು; ಅವಳ ದನಿ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಸಪಾಟಾಗಿತ್ತು. ಹೌದು ಎಂದರೆ ಸಾಕು, ಭಾವನ ಬೆನ್ನು ಇನ್ನೆಂದೂ ನೋಯುವುದಿಲ್ಲ. ತಿಂಗಳುಗಟ್ಟಲೆ ತಪ್ಪಿಸಿಕೊಂಡು ತಿರುಗಿದ ಪ್ರಶ್ನೆ ಈಗ ಕಿವಿಗೇ ಬಂದು ಕೂತಿತ್ತು. ನೋಡೋಣ ಎಂದರೆ ಅದು ಕೇಳುವಂತಿರಲಿಲ್ಲ.

“ಇಲ್ಲ ಸಿಸ್ಟರ್,” ಎಂದ. “ಕೊಡ್ಬೇಡಿ. ಬರ್ತಿದ್ದೀನಿ.”

ಫೋನ್ ಇಟ್ಟಾಗ ಡ್ರೈವರ್ ಇನ್ನೂ ಕೆನ್ನೆ ಉಬ್ಬಿಸಿಕೊಂಡು ಕೂತಿದ್ದ. ಬಿಡಿ ಎಂದು ಯಾರೂ ಹೇಳಿರಲಿಲ್ಲ.

ವಾರ್ಡಿನಲ್ಲಿ ಅಕ್ಕ ಇರಲಿಲ್ಲ, ಫ್ಲಾಸ್ಕಿಗೆ ಬಿಸಿನೀರು ತರಲು ಹೋಗಿದ್ದಳು. ಭಾವನ ಫೋನ್ ಹೊದಿಕೆಯ ಮೇಲೇ ಬಿದ್ದಿತ್ತು. ಬಚ್ಚಿಡುವ ಗೋಜಿಗೂ ಹೋಗಿರಲಿಲ್ಲ.

“ಕಾನೂನು ಮರೆತುಹೋಗಿತ್ತಾ ಭಾವ?”

“ನನ್ನ ಹೆಸರಲ್ಲಿರೋ ಕಾನೂನು ಕಣೋ, ಮರೀತೀನಾ?” ಭಾವ ಮಾಸ್ಕಿನೊಳಗೆ ಒಂದಿಷ್ಟು ಉಸಿರು ಕೂಡಿಹಾಕಿಕೊಂಡರು. “ನಾನು ಕೇಳಿದ್ರೆ ನೋಡೋಣ ಅಂತೀಯ. ಆ ಸಿಸ್ಟರ್ ಕೇಳಿದ್ರೆ ಹೌದು, ಇಲ್ಲ, ಎರಡರಲ್ಲೊಂದು ಹೇಳ್ಲೇಬೇಕಲ್ಲ. ಅದಕ್ಕೇ ಅವರ ಕೈಲಿ ಕೇಳಿಸ್ದೆ.”

ಡಾಕ್ಟರ್ ಹಾಸಿಗೆಯ ಅಂಚಿನಲ್ಲಿ ಕೂತ. ರೌಂಡ್ಸಿಗೆ ಬಂದಾಗ ಅವನು ಯಾರ ಹಾಸಿಗೆಯ ಮೇಲೂ ಕೂತವನಲ್ಲ. ಇಲ್ಲ ಅಂದೆ ಭಾವ, ಎಂದ. ಯಾಕೆ ಎಂಬುದನ್ನೂ ತಡವರಿಸುತ್ತಾ ಹೇಳಿದ. ಪಕ್ಕದ ಹಾಸಿಗೆಯ ಅಜ್ಜಿ ಅವನ ಕೈಯಲ್ಲಿ ಸಿರಿಂಜ್ ಕಂಡೊಡನೆ ಕಣ್ಣು ಮುಚ್ಚಿ ತೋಳು ಚಾಚುತ್ತಾಳೆ, ಅದರಲ್ಲಿ ಏನಿದೆ ಎಂದು ಒಂದು ದಿನವೂ ಕೇಳಿದವಳಲ್ಲ. ಒಂದು ಸಲ ಸಾಯಿಸಲು ಎತ್ತಿದ ಕೈಯನ್ನು ಆಮೇಲೆ ಅವಳ ಮುಂದೆ ಹೇಗೆ ಎತ್ತಲಿ ಎಂದ.

ಭಾವ ಪೂರ್ತಿ ಕೇಳಿಸಿಕೊಂಡರು.

“ಆಯ್ತಪ್ಪ, ನಿನ್ನ ಕೈ ಚೆನ್ನಾಗಿರ್ಲಿ. ನನ್ನ ಬೆನ್ನಿನ ಕಥೆ ಏನು?”

ಡಾಕ್ಟರ್ ಎದ್ದು ನಿಂತ. ಇಲ್ಲ ಎಂದಲ್ಲಿಗೆ ತನ್ನ ಕೆಲಸ ಮುಗಿಯಿತು ಎಂದುಕೊಂಡೇ ಮೆಟ್ಟಿಲು ಹತ್ತಿ ಬಂದಿದ್ದ. ಸಿಸ್ಟರನ್ನು ಕರೆದು, ನೋವಿಗೆ ಎಷ್ಟು ಬೇಕೋ ಅಷ್ಟು ಔಷಧಿಯನ್ನು, ಬೇರೆ ಯಾರಿಗಾದರೂ ಎಂದೋ ಕೊಟ್ಟಿರುತ್ತಿದ್ದಷ್ಟನ್ನು, ಎದುರಿಗೆ ನಿಂತು ಹೇಳಿದ. ಸೂಜಿಯನ್ನು ತಾನೇ ಚುಚ್ಚಿದ. ಸ್ವಲ್ಪ ಹೊತ್ತಿಗೆ ಭಾವನ ಹಣೆಯ ಗಂಟು ಸಡಿಲಾಯಿತು. ಹುಬ್ಬುಗಳ ನಡುವೆ ಅಷ್ಟು ಜಾಗವಿತ್ತೆಂಬುದೇ ಅವನಿಗೆ ಮರೆತುಹೋಗಿತ್ತು.

ಅಕ್ಕ ಫ್ಲಾಸ್ಕ್ ಹಿಡಿದು ಬಂದವಳೇ, ವೆಂಟಿಲೇಟರ್ ಒಂದು ಖಾಲಿಯಾಗಿದೆಯಂತೆ, ಇವತ್ತೇ ಹಾಕಿಸಿಬಿಡೋಣ್ವಾ ಎಂದು ಕೇಳಿದಳು. ಡಾಕ್ಟರ ಬೆರಳು ಕನ್ನಡಕದತ್ತ ಹೋಯಿತು. ಅದು ಮೂಗು ಮುಟ್ಟುವ ಮೊದಲೇ ಹಾಸಿಗೆಯಿಂದ ಸಣ್ಣದೊಂದು ‘ಹ್ಞೂಂ’ ಕೇಳಿಸಿತು. ಭಾವ ಮಾಸ್ಕ್ ಸರಿಸಿದ್ದರು. ದನಿ ಡಾಕ್ಟರದು.

“ಅಕ್ಕ, ಅದು ಬೇಡ. ಪೈಪ್ ಹಾಕಿದ್ರೆ ದನಿಯೂ ಹೋಗುತ್ತೆ, ಭಾವನೂ ಮನೆಗೆ ಬರಲ್ಲ. ಇಲ್ಲಿಗೆ ಸಾಕು.”

ಅಕ್ಕ ನಗಲಿಲ್ಲ. “ಇದು ನೀವೇ,” ಎಂದಳು. “ನನ್ನ ತಮ್ಮ ಇಷ್ಟು ಬೇಗ ಬಾಯಿ ಬಿಡಲ್ಲ.” ತಮ್ಮನ ಕಡೆ ತಿರುಗಿದಳು. “ಅಲ್ವೇನೋ? ಇಂಥದ್ದರಲ್ಲೆಲ್ಲ ಆಟ ಆಡ್ಬೇಡಿ ಅಂತ ಹೇಳು ಇವರಿಗೆ.”

ಅವನು ಕನ್ನಡಕವನ್ನು ಜಾರಿದಲ್ಲೇ ಬಿಟ್ಟ.

“ಹೌದಕ್ಕ,” ಎಂದ. “ದನಿ ಅವರದು. ಮಾತು ನಂದೇ.”

ಅವಳು ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸಿದಳು. ಗಟ್ಟಿಯಾದ ಮೇಲೂ ತಿರುಗಿಸುತ್ತಲೇ ಇದ್ದಳು. ತಲೆಯೆತ್ತದೆ, ನೋವಾಗದ ಹಾಗೆ ನೋಡ್ಕೋತೀಯಾ ಎಂದು ಕೇಳಿದಳು. ನೋಡ್ಕೋತೀನಿ ಎಂದ.

ನೋಡಿಕೊಂಡ. ಗಂಟಲಿಗೆ ಪೈಪ್ ಇಳಿಯಲಿಲ್ಲ, ದನಿ ಉಳಿಯಿತು. ಪಕ್ಕದ ಹಾಸಿಗೆಯ ಅಜ್ಜಿಗಾಗಿ ಭಾವ ಒಮ್ಮೆ ಕಾರ್ಟೂನಿನ ಆನೆಯಾದರು. ಸೊಂಡಿಲೆತ್ತುವಷ್ಟು ಉಸಿರಿಲ್ಲದ ಆನೆ, ಆದರೂ ಅಜ್ಜಿ ನಕ್ಕಳು. ಅಕ್ಕನೊಡನೆ ಮಾತ್ರ ಕೊನೆಯ ದಿನಗಳಲ್ಲಿ ಅವರು ಸ್ವಂತ ದನಿಯಲ್ಲೇ ಮಾತಾಡಿದರು. ಅದು ಅಷ್ಟೇನೂ ವಿಶೇಷವಾದ ದನಿಯಲ್ಲ. ಅವರ ಕೊನೆಯುಸಿರು ಸಿನಿಮಾಗಳಿಗೆ ಕೊಟ್ಟ ಯಾವುದರ ಹಾಗೂ ಇರಲಿಲ್ಲ. ಎಷ್ಟು ಮೆತ್ತಗಿತ್ತೆಂದರೆ, ಮಣಿಕಟ್ಟು ಹಿಡಿದು ಕೂತಿದ್ದ ಡಾಕ್ಟರೂ ಇನ್ನೊಂದಕ್ಕಾಗಿ ಕಾದ. ಅಕ್ಕ ಅವನಿಗಿಂತ ಹೆಚ್ಚು ಹೊತ್ತು ಕಾದಳು.

ಮತ್ತೆ ಕೆಲಸಕ್ಕೆ ಹೋಗತೊಡಗಿದ ಮೇಲೆ ಒಂದು ದಿನ ಅವನು ಅಜ್ಜಿಯ ಔಷಧಿಗಾಗಿ ವಾರ್ಡಿಗೆ ಫೋನ್ ಮಾಡಿದ. ಸಿಸ್ಟರ್ ಬರೆದುಕೊಂಡಳು. ಆ ದನಿಯಲ್ಲಿ ಮಾತಾಡಬಲ್ಲವನು ಇನ್ನು ಅವನೊಬ್ಬನೇ ಎಂದು ಅವಳಿಗೂ ಗೊತ್ತಿತ್ತು.

“ಇಡ್ತೀನಿ ಸಾರ್. ವಾಪಸ್ ಮಾಡ್ತೀನಿ,” ಎಂದಳು.

ಮಾಡಿ ಸಿಸ್ಟರ್, ಎಂದ. ಮೊಬೈಲನ್ನು ಮೇಜಿನ ಮೇಲಿಟ್ಟು, ಅದು ಬಡಿದುಕೊಳ್ಳುವುದನ್ನೇ ಕಾಯುತ್ತಾ ಕೂತ.